ಫ್ಲಾಸ್ಕಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವುದು ಯಾವುದು? ಲೋಹ ಕ್ಲಸ್ಟರ್ ಕ್ರಿಯಾವರ್ಧಕಗಳ ಸಂಶೋಧನೆಗೆ ಸಮಗ್ರ ಮಾರ್ಗದರ್ಶಿ

ಮೂರು ರುಥೇನಿಯಮ್ ಪರಮಾಣುಗಳು ಒಂದಕ್ಕೊಂದು ನೇರವಾಗಿ ಬಂಧ ಕಟ್ಟಿಕೊಂಡು ತ್ರಿಕೋನವಾಗಿ ನಿಂತಿವೆ. ಪ್ರತಿ ಪರಮಾಣುವಿಗೂ ನಾಲ್ಕರಂತೆ ಒಟ್ಟು ಹನ್ನೆರಡು ಕಾರ್ಬನ್ ಮಾನಾಕ್ಸೈಡ್ ಅಣುಗಳು ಅಂಟಿಕೊಂಡಿವೆ. ಇದೇ ಟ್ರೈರುಥೇನಿಯಮ್ ಡೋಡೆಕಾಕಾರ್ಬೊನಿಲ್, ಕಿತ್ತಳೆ ಬಣ್ಣದ ಹರಳು. ಗಾಳಿಯಲ್ಲಿ ಬೇಗ ಕೆಡುವುದಿಲ್ಲ, ಕೊಳ್ಳಲು ಸಿಗುತ್ತದೆ, ಅದರ ರಸಾಯನಶಾಸ್ತ್ರವನ್ನು ದಶಕಗಳಿಂದ ಚೆನ್ನಾಗಿ ಅಭ್ಯಾಸ ಮಾಡಲಾಗಿದೆ. ಆರ್ಗನೋಮೆಟಾಲಿಕ್ ಕ್ಲಸ್ಟರ್‌ಗಳ, ಅಂದರೆ ಹೀಗೆ ಲೋಹದ ಪರಮಾಣುಗಳು ಒಂದಕ್ಕೊಂದು ಬಂಧ ಕಟ್ಟಿ ಗುಂಪಾಗಿ ನಿಂತು, ಸುತ್ತ ಕಾರ್ಬನ್ ಇರುವ ಅಣುಗಳನ್ನು ಹೊತ್ತ ಸಂಯುಕ್ತಗಳ, ಸಂಶೋಧನೆಗೆ ಹೊಸದಾಗಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಸೇರಿದವರನ್ನು, ಬೇಸಿಗೆ ಪ್ರಾಜೆಕ್ಟಿಗೆ ಲ್ಯಾಬ್ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಸಂಯುಕ್ತ ತಯಾರಿಸುವುದು, ಹರಳು ಬೆಳೆಸುವುದು, ಕ್ರಿಯೆ ನಡೆಸುವುದು ಎಲ್ಲವನ್ನೂ ಅಭ್ಯಾಸದಿಂದ ಕಲಿಯಬಹುದು. ಈ ಕ್ಷೇತ್ರದ ನಿಜವಾದ ಕಷ್ಟ ಇರುವುದು ಬೇರೆ ಕಡೆ: ನೀವು ಹಾಕಿದ ಕ್ಲಸ್ಟರೇ ಕೆಲಸ ಮಾಡಿತೇ, ಅಥವಾ ಅದು ಒಡೆದು ಹುಟ್ಟಿದ ಇನ್ನೇನಾದರೂ ಮಾಡಿತೇ ಎಂದು ತೋರಿಸುವುದು. ಈ ಪ್ರಶ್ನೆಯನ್ನು ಕೊನೆಯ ವರ್ಷಕ್ಕೆ ಉಳಿಸಿಕೊಂಡರೆ ಹಿಂದಿನ ಪ್ರಯೋಗಗಳನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಹಾಗಾಗಿ ಇಲ್ಲಿನ ಪ್ರತಿ ಹೆಜ್ಜೆಯನ್ನೂ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ವಿವರಿಸಿದ್ದೇನೆ.

ಹೆಜ್ಜೆ 1: ಕ್ಲಸ್ಟರ್ ಏಕೆ ಬೇಕು ಎಂದು ಮೊದಲು ಬರೆದಿಡಿ

ಲುಡ್ವಿಗ್ ಮಾಂಡ್ ತಂಡ ನಿಕಲ್ ಕಾರ್ಬೊನಿಲ್ಲನ್ನು ಪ್ರಕಟಿಸಿದ್ದು 1890ರಲ್ಲಿ. ಲೋಹ-ಲೋಹ ಬಂಧವಿರುವ ಅಣುಗಳಿಗೆ ‘ಮೆಟಲ್ ಕ್ಲಸ್ಟರ್’ ಎಂಬ ಹೆಸರನ್ನು ಎಫ್. ಎ. ಕಾಟನ್ ಬಳಕೆಗೆ ತಂದದ್ದು 1960ರ ದಶಕದಲ್ಲಿ. ಮುಂದಿನ ದಶಕದಲ್ಲಿ ಅರ್ಲ್ ಮಟರ್ಟೀಸ್, ಕ್ಲಸ್ಟರ್‌ಗಳು ಲೋಹದ ಮೇಲ್ಮೈಯ ಚಿಕ್ಕ ಮಾದರಿಗಳಿದ್ದಂತೆ ಎಂಬ ವಾದವನ್ನು ಮುಂದಿಟ್ಟರು. ಕಾರ್ಖಾನೆಯ ಘನ ಕ್ರಿಯಾವರ್ಧಕದ ಮೇಲೆ ಏನಾಗುತ್ತದೆ ಎಂದು ಪರಮಾಣು ಮಟ್ಟದಲ್ಲಿ ನೋಡುವುದು ಕಷ್ಟ. ಕ್ಲಸ್ಟರಾದರೆ ದ್ರಾವಣದಲ್ಲಿ ಕರಗುತ್ತದೆ, ಹರಳಾಗುತ್ತದೆ, ಪ್ರತಿ ಪರಮಾಣುವಿನ ಸ್ಥಾನವೂ ತಿಳಿಯುತ್ತದೆ. ಈ ಹೋಲಿಕೆಗೆ ಮಿತಿಗಳಿದ್ದರೂ ಕ್ಷೇತ್ರಕ್ಕೆ ದಿಕ್ಕು ಕೊಟ್ಟದ್ದು ಅದೇ.

ನಿಮ್ಮ ಯೋಜನೆಯ ಮೊದಲ ಪುಟದಲ್ಲಿ ಒಂದು ವಾಕ್ಯ ಇರಲಿ: ಒಂದೇ ಲೋಹ ಪರಮಾಣುವಿನ ಸಂಕೀರ್ಣ ಮಾಡಲಾಗದ ಯಾವ ಕೆಲಸವನ್ನು ಎರಡು ಮೂರು ಪರಮಾಣುಗಳು ಅಕ್ಕಪಕ್ಕದಲ್ಲಿದ್ದರೆ ಮಾಡಬಹುದು? ಒಂದು ಆಲ್ಕೈನ್ ಅಣು ತ್ರಿಕೋನದ ಮೂರೂ ಲೋಹಗಳಿಗೆ ಏಕಕಾಲಕ್ಕೆ ಒರಗಿಕೊಳ್ಳಬಲ್ಲದು. ಅದು ಒಂಟಿ ಲೋಹದ ಮೇಲೆ ಆಗದ ಮಾತು. ಇಂಥ ಖಚಿತ ಕಾರಣವಿಲ್ಲದೆ ‘ಕ್ಲಸ್ಟರ್ ಹಾಕಿ ನೋಡೋಣ’ ಎಂದು ಹೊರಟರೆ, ಕೊನೆಯಲ್ಲಿ ಸಿಕ್ಕ ಫಲಿತಾಂಶವನ್ನು ಯಾವುದರೊಂದಿಗೆ ಹೋಲಿಸಬೇಕೆಂಬುದೇ ತಿಳಿಯುವುದಿಲ್ಲ.

ಹೆಜ್ಜೆ 2: ಎಲೆಕ್ಟ್ರಾನ್ ಲೆಕ್ಕ

ಹಾಳೆ, ಪೆನ್ನು ಸಾಕು. ರುಥೇನಿಯಮ್‌ನಲ್ಲಿ 8 ವೇಲೆನ್ಸ್ ಎಲೆಕ್ಟ್ರಾನ್‌ಗಳು, ಮೂರಕ್ಕೆ 24. ಒಂದು ಕಾರ್ಬೊನಿಲ್ (ಲೋಹಕ್ಕೆ ಅಂಟಿದ ಕಾರ್ಬನ್ ಮಾನಾಕ್ಸೈಡ್) ಕೊಡುವುದು 2, ಹನ್ನೆರಡಕ್ಕೆ 24. ಒಟ್ಟು 48. ಸ್ಥಿರವಾಗಿರಲು ಪ್ರತಿ ಲೋಹಕ್ಕೂ 18 ಬೇಕು (ಹದಿನೆಂಟರ ನಿಯಮ) ಎಂದರೆ ಮೂರಕ್ಕೆ 54. ಕೊರತೆ 6. ಒಂದು ಬಂಧ ಎರಡರ ಕೊರತೆ ತುಂಬುತ್ತದೆ, ಅಂದರೆ ಮೂರು ಲೋಹ-ಲೋಹ ಬಂಧಗಳು. ತ್ರಿಕೋನಕ್ಕೆ ಮೂರು ಅಂಚು, ಲೆಕ್ಕ ಸರಿಹೋಯಿತು. ಚತುರ್ಮುಖಿಗೆ ಇದೇ ಲೆಕ್ಕದಲ್ಲಿ 60 ಬರುತ್ತದೆ.

ಆರು ಲೋಹಗಳಿಗೆ ಬಂದಾಗ ಈ ದಾರಿ ಮುಚ್ಚುತ್ತದೆ. ಆರು ರುಥೇನಿಯಮ್, ನಡುವೆ ಒಂದು ಕಾರ್ಬನ್, ಸುತ್ತ ಹದಿನೇಳು ಕಾರ್ಬೊನಿಲ್ ಇರುವ ಪ್ರಸಿದ್ಧ ಕಾರ್ಬೈಡ್ ಕ್ಲಸ್ಟರನ್ನು ತೆಗೆದುಕೊಳ್ಳಿ: 48, 4, 34 ಸೇರಿ 86. ಹದಿನೆಂಟರ ನಿಯಮದ ಪ್ರಕಾರ 108ರಲ್ಲಿ 86 ಕಳೆದು ಎರಡರಿಂದ ಭಾಗಿಸಿದರೆ 11 ಬಂಧ. ಆದರೆ ಅಷ್ಟಮುಖಿಗೆ 12 ಅಂಚುಗಳಿವೆ. ಇಲ್ಲಿ ಕೆನೆತ್ ವೇಡ್ 1971ರಲ್ಲಿ ಕೊಟ್ಟ, ಮೈಕಲ್ ಮಿಂಗೋಸ್ ವಿಸ್ತರಿಸಿದ ನಿಯಮ ಕೈಹಿಡಿಯುತ್ತದೆ. ಪ್ರತಿ ಲೋಹಕ್ಕೆ 12ರಂತೆ 72 ಕಳೆದರೆ ಚೌಕಟ್ಟಿಗೆ ಉಳಿಯುವುದು 14 ಎಲೆಕ್ಟ್ರಾನ್, ಅಂದರೆ ಏಳು ಜೋಡಿ. ಆರು ಮೂಲೆಗೆ ಏಳು ಜೋಡಿ ಇದ್ದರೆ ಅಷ್ಟಮುಖಿ. ಒಂದಕ್ಕೊಂದು ಬೆಸೆದುಕೊಂಡ ಬಹುಮುಖಿಗಳಿಗೆ ಈ ನಿಯಮವನ್ನು ಮುಂದುವರಿಸಿದ್ದು ಇ. ಡಿ. ಜೆಮ್ಮಿಸ್ ಅವರ ‘ಎಂಎನ್‌ಒ’ ನಿಯಮ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರು ಬೋರೇನ್‌ಗಳಿಂದ (ಬೋರಾನ್-ಹೈಡ್ರೋಜನ್ ಸಂಯುಕ್ತಗಳು) ಫೆರೊಸೀನ್‌ವರೆಗೆ (ಎರಡು ಕಾರ್ಬನ್ ಉಂಗುರಗಳ ನಡುವೆ ಕಬ್ಬಿಣವಿರುವ ಅಣು) ಎಲ್ಲವನ್ನೂ ಒಂದೇ ಸೂತ್ರದಡಿ ತಂದರು. ನಮ್ಮ ವಿದ್ಯಾರ್ಥಿಗಳು ಇದನ್ನು ಓದದೆ ಮುಂದೆ ಹೋಗಬಾರದು.

ಈ ಲೆಕ್ಕ ಪರೀಕ್ಷೆಗೆ ಮಾತ್ರವಲ್ಲ, ಕೆಲಸಕ್ಕೂ ಬೇಕು. ಮೂರು ಆಸ್ಮಿಯಮ್, ಹತ್ತು ಕಾರ್ಬೊನಿಲ್, ಎರಡು ಹೈಡ್ರೈಡ್ (ಲೋಹಕ್ಕೆ ಅಂಟಿದ ಹೈಡ್ರೋಜನ್) ಇರುವ ನೇರಳೆ ಬಣ್ಣದ ಕ್ಲಸ್ಟರ್‌ನಲ್ಲಿ 46 ಎಲೆಕ್ಟ್ರಾನ್‌ಗಳಷ್ಟೇ ಇವೆ. ಎರಡು ಕಡಿಮೆ ಇರುವುದರಿಂದಲೇ ಅದು ಹೊಸ ಅಣುಗಳನ್ನು ಸಲೀಸಾಗಿ ಸೇರಿಸಿಕೊಳ್ಳುತ್ತದೆ. ಎಲ್ಲಿ ಜಾಗ ಖಾಲಿ ಇದೆ ಎಂದು ಲೆಕ್ಕವೇ ಹೇಳುತ್ತದೆ.

ಹೆಜ್ಜೆ 3: ಶ್ಲೆಂಕ್ ಲೈನ್ ಮತ್ತು ಸುರಕ್ಷತೆ

ಶ್ಲೆಂಕ್ ಲೈನ್ ಎಂದರೆ ಗಾಳಿ, ತೇವ ತಾಕದಂತೆ ಕೆಲಸ ಮಾಡಲು ಇರುವ ಎರಡು ಕೊಳವೆಗಳ ಗಾಜಿನ ವ್ಯವಸ್ಥೆ: ಒಂದರಲ್ಲಿ ನಿರ್ವಾತ, ಇನ್ನೊಂದರಲ್ಲಿ ಆರ್ಗಾನ್ ಅಥವಾ ನೈಟ್ರೋಜನ್. ಫ್ಲಾಸ್ಕನ್ನು ಬಿಸಿ ಮಾಡಿ ನಿರ್ವಾತಕ್ಕೆ ಒಡ್ಡಿ, ಅನಿಲ ತುಂಬಿ. ಹೀಗೆ ಮೂರು ಸಲ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ಲ್ಯಾಬ್‌ಗಳಲ್ಲಿ, ಗಾಜಿನ ಒಳಮೈಗೆ ಅಂಟಿದ ತೇವ ಹೋಗಲು ಹೆಚ್ಚು ಹೊತ್ತು ಬಿಸಿ ಮಾಡಬೇಕು. ಕರೆಂಟ್ ಹೋದಾಗ ಪಂಪ್ ನಿಂತು ಅದರ ಎಣ್ಣೆ ಲೈನಿನೊಳಕ್ಕೆ ಹಿಂದಕ್ಕೆ ಬರದಂತೆ ಪಂಪಿನ ಮುಂದೆ ಒಂದು ಕವಾಟ ಇರಲೇಬೇಕು.

ಮುಂದಿನ ಮಾತುಗಳನ್ನು ದಯವಿಟ್ಟು ಅವಸರದಲ್ಲಿ ಓದಬೇಡಿ. ದ್ರವ ನೈಟ್ರೋಜನ್ ಇರುವ ಟ್ರ್ಯಾಪಿನ (ದ್ರಾವಕದ ಆವಿ ಪಂಪಿಗೆ ಹೋಗದಂತೆ ತಡೆಯುವ ತಣ್ಣನೆಯ ಗಾಜಿನ ಪಾತ್ರೆ) ಮೂಲಕ ಗಾಳಿ ಸತತವಾಗಿ ಎಳೆದುಕೊಂಡರೆ ಆಮ್ಲಜನಕ ದ್ರವವಾಗುತ್ತದೆ. ಆಮ್ಲಜನಕದ ಕುದಿಬಿಂದು −183 ಡಿಗ್ರಿ, ಆರ್ಗಾನ್‌ನದು −186, ನೈಟ್ರೋಜನ್‌ನದು −196. ಹಾಗಾಗಿ ಆರ್ಗಾನ್ ಕೂಡ ಟ್ರ್ಯಾಪಿನಲ್ಲಿ ಘನೀಭವಿಸಿ, ಬಿಸಿಯಾದಾಗ ಒಮ್ಮೆಲೇ ಹಿಗ್ಗಿ ಗಾಜು ಒಡೆಯಬಲ್ಲದು. ಟ್ರ್ಯಾಪಿನಲ್ಲಿ ತಿಳಿನೀಲಿ ದ್ರವ ಕಂಡರೆ ಅದು ಆಮ್ಲಜನಕ. ಸಾವಯವ ದ್ರಾವಕದ ಜೊತೆ ಅದು ಸ್ಫೋಟಕ. ಟ್ರ್ಯಾಪನ್ನು ಮುಚ್ಚಬೇಡಿ, ದ್ರವ ನೈಟ್ರೋಜನ್ನಿನಿಂದ ಹೊರತೆಗೆಯಬೇಡಿ. ಎಲ್ಲರನ್ನೂ ಹೊರಗೆ ಕಳುಹಿಸಿ, ಗೈಡ್ ಮತ್ತು ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕ್ಲಸ್ಟರ್‌ನಿಂದ ಅದು ಹೊರಬರುವ ಪ್ರತಿ ಕ್ರಿಯೆಯೂ ಫ್ಯೂಮ್ ಹುಡ್‌ನಲ್ಲೇ ನಡೆಯಬೇಕು, ಪಕ್ಕದಲ್ಲಿ ಅಲಾರಂ ಇರುವ ಡಿಟೆಕ್ಟರ್ ಇರಬೇಕು. ಉಕ್ಕಿನ ಸಿಲಿಂಡರಿನಲ್ಲಿ ಬಹುಕಾಲ ಇದ್ದ ಮಾನಾಕ್ಸೈಡಿನಲ್ಲಿ ಕಬ್ಬಿಣದ ಪೆಂಟಾಕಾರ್ಬೊನಿಲ್ ಸೇರಿರುತ್ತದೆ. ಅದು ವಿಷ ಮಾತ್ರವಲ್ಲ, ನಿಮ್ಮ ಕ್ರಿಯೆಗೆ ಕಬ್ಬಿಣವನ್ನೂ ಹೊತ್ತು ತರುತ್ತದೆ. ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿ ಬಳಸಿ. ಇನ್ನೊಂದು, ರುಥೇನಿಯಮ್ ಉಳಿಕೆಗಳಿಗೆ ಎಂದೂ ಬ್ಲೀಚ್ ಹಾಕಬೇಡಿ. ಆವಿಯಾಗುವ, ಕಣ್ಣು ಮತ್ತು ಶ್ವಾಸಕೋಶಕ್ಕೆ ಹಾನಿ ಮಾಡುವ ರುಥೇನಿಯಮ್ ಟೆಟ್ರಾಕ್ಸೈಡ್ ಹುಟ್ಟುತ್ತದೆ. ಲೋಹದ ತ್ಯಾಜ್ಯಕ್ಕೆ ಬೇರೆಯೇ ಬಾಟಲಿ ಇರಲಿ.

ಹೆಜ್ಜೆ 4: ಮೊದಲ ತಯಾರಿ

ಆರಂಭದ ಕ್ಲಸ್ಟರನ್ನು, ಅಂದರೆ ಮೊದಲು ಹೇಳಿದ ಟ್ರೈರುಥೇನಿಯಮ್ ಡೋಡೆಕಾಕಾರ್ಬೊನಿಲ್ಲನ್ನು, ಕೊಂಡುಕೊಳ್ಳಿ. ರುಥೇನಿಯಮ್ ಕ್ಲೋರೈಡಿನಿಂದ ಮಾಡುವ ವಿಧಾನವಿದೆ, ಆದರೆ ಮೊದಲ ತಿಂಗಳಲ್ಲೇ ಬಿಸಿ ದ್ರಾವಣಕ್ಕೆ ಮಾನಾಕ್ಸೈಡ್ ಹಾಯಿಸುವ ಕೆಲಸ ಬೇಡ.

ಅಭ್ಯಾಸಕ್ಕೆ ಅತ್ಯುತ್ತಮವಾದದ್ದು ಎರಡು ಕಾರ್ಬೊನಿಲ್‌ಗಳ ಜಾಗದಲ್ಲಿ ಬಿಸ್-ಡೈಫಿನೈಲ್‌ಫಾಸ್ಫೀನೋ ಮೀಥೇನ್ ಲಿಗ್ಯಾಂಡನ್ನು (ಲೋಹಕ್ಕೆ ಅಂಟಿಕೊಳ್ಳುವ ಅಣು) ಕೂರಿಸುವುದು. ಲ್ಯಾಬ್‌ನಲ್ಲಿ ಎಲ್ಲರೂ ಇದನ್ನು ಡಿಪಿಪಿಎಂ ಎನ್ನುತ್ತಾರೆ. ಇದರ ಎರಡು ಫಾಸ್ಫರಸ್‌ಗಳ ನಡುವೆ ಒಂದೇ ಒಂದು ಕಾರ್ಬನ್ ಇರುವುದರಿಂದ ಅದು ತ್ರಿಕೋನದ ಒಂದು ಅಂಚಿನ ಮೇಲೆ ಸೇತುವೆಯಾಗಿ ಸರಿಯಾಗಿ ಕೂರುತ್ತದೆ, ಲೋಹಗಳು ಬೇರಾಗದಂತೆ ಹಿಡಿಯುತ್ತದೆ. ಕ್ಲಸ್ಟರ್ ಒಡೆಯಿತೇ ಎಂಬ ನಮ್ಮ ಮೂಲ ಪ್ರಶ್ನೆಗೆ ಇದರಿಂದ ಮುಂದೆ ಉಪಯೋಗವಿದೆ.

ಸುಮ್ಮನೆ ಬಿಸಿ ಮಾಡಿದರೆ ಹಲವು ಉತ್ಪನ್ನಗಳ ಮಿಶ್ರಣ ಬರುತ್ತದೆ. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ ಮೈಕಲ್ ಬ್ರೂಸ್ ಮತ್ತು ಸಂಗಡಿಗರು ಸೊಗಸಾದ ದಾರಿ ತೋರಿಸಿದರು: ಸೋಡಿಯಮ್ ಬೆಂಜೋಫೀನೋನ್ ಕೀಟೈಲ್ ದ್ರಾವಣದ ಕೆಲವೇ ಹನಿಗಳು ಕ್ಲಸ್ಟರಿಗೆ ಒಂದು ಎಲೆಕ್ಟ್ರಾನ್ ಕೊಡುತ್ತವೆ, ಆ ಋಣ ಅಯಾನು ಸುಲಭವಾಗಿ ಕಾರ್ಬೊನಿಲ್ ಬಿಟ್ಟು ಫಾಸ್ಫೀನನ್ನು (ಇಲ್ಲಿ ಡಿಪಿಪಿಎಂ) ಹಿಡಿಯುತ್ತದೆ, ಬಳಿಕ ಎಲೆಕ್ಟ್ರಾನನ್ನು ಮುಂದಿನ ಕ್ಲಸ್ಟರಿಗೆ ದಾಟಿಸುತ್ತದೆ.

ಕೆಲಸದ ಕ್ರಮ ಹೀಗೆ. 100 ಮಿ.ಗ್ರಾಂ ಕ್ಲಸ್ಟರ್ ಎಂದರೆ 0.156 ಮಿಲಿಮೋಲ್ (ಅಣುತೂಕ 639.3). ಅಷ್ಟೇ ಮೋಲ್ ಡಿಪಿಪಿಎಂ 60 ಮಿ.ಗ್ರಾಂ ಆಗುತ್ತದೆ. ಎರಡನ್ನೂ ಒಣ ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್) ದ್ರಾವಕದಲ್ಲಿ ಕರಗಿಸಿ ಸುಮಾರು 40 ಡಿಗ್ರಿಗೆ ತನ್ನಿ. ಗಾಢ ನೇರಳೆ-ನೀಲಿ ಕೀಟೈಲ್ ದ್ರಾವಣವನ್ನು ಸಿರಿಂಜಿನಿಂದ ಹನಿ ಹನಿಯಾಗಿ ಬಿಡಿ. ದ್ರಾವಣದ ಬಣ್ಣ ಕೆಂಪಿನತ್ತ ಗಾಢವಾಗುತ್ತದೆ, ಮಾನಾಕ್ಸೈಡಿನ ಗುಳ್ಳೆಗಳು ಏಳುತ್ತವೆ. ಹನಿ ಬಿದ್ದರೂ ಏನೂ ಆಗದಿದ್ದರೆ ತೇವವೋ ಗಾಳಿಯೋ ಕೀಟೈಲನ್ನು ತಿಂದಿದೆ ಎಂದರ್ಥ. ಇನ್ನಷ್ಟು ಸುರಿಯುತ್ತ ಹೋಗುವ ಬದಲು ದ್ರಾವಕವನ್ನೇ ಮತ್ತೆ ಒಣಗಿಸಿ.

ಸಿಲಿಕಾ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಪ್ಲೇಟಿನ ಮೇಲೆ ಬೇರ್ಪಡಿಸುವಾಗ ಈ ಕ್ಷೇತ್ರದ ಒಂದು ಸುಖ ಕಾಣುತ್ತದೆ: ಎಲ್ಲಕ್ಕೂ ಬಣ್ಣವಿದೆ, ಯುವಿ ದೀಪ ಬೇಕಿಲ್ಲ. ಮುಂದೆ ಓಡುವ ಹಳದಿ ಪಟ್ಟಿ ಉಳಿದ ಆರಂಭದ ಕ್ಲಸ್ಟರ್. ಬೆಳಕಿಗೆ ಇವು ಸೂಕ್ಷ್ಮ. ಫ್ಲಾಸ್ಕಿಗೆ ಅಲ್ಯೂಮಿನಿಯಮ್ ಹಾಳೆ ಸುತ್ತಿಡಿ.

ಹೆಜ್ಜೆ 5: ಸಿಕ್ಕಿದ್ದು ಏನು?

ಮೊದಲು ಐಆರ್ (ಇನ್‌ಫ್ರಾರೆಡ್ ರೋಹಿತ). ಕಾರ್ಬೊನಿಲ್ ಕ್ಲಸ್ಟರಿಗೆ ಇದರಷ್ಟು ವೇಗದ, ಅಗ್ಗದ ಸಾಕ್ಷಿ ಇನ್ನೊಂದಿಲ್ಲ. ಬಿಡಿ ಕಾರ್ಬನ್ ಮಾನಾಕ್ಸೈಡ್ 2143 ಸೆಂ.ಮೀ⁻¹ನಲ್ಲಿ ಕಂಪಿಸುತ್ತದೆ. ಆರಂಭದ ಕ್ಲಸ್ಟರ್ ಹೆಕ್ಸೇನ್‌ನಲ್ಲಿ ಸುಮಾರು 2061, 2031, 2011ರಲ್ಲಿ ಮೂರು ಚೂಪಾದ ಗೆರೆ ಕೊಡುತ್ತದೆ. ಲೋಹ ತನ್ನ ಎಲೆಕ್ಟ್ರಾನ್‌ಗಳನ್ನು ಕಾರ್ಬೊನಿಲ್‌ನ ಬಂಧವಿರೋಧಿ ಕಕ್ಷಕಕ್ಕೆ ತಳ್ಳುವುದರಿಂದ ಆ ಬಂಧ ಸಡಿಲವಾಗಿ ಗೆರೆಗಳು ಕೆಳಗಿಳಿಯುತ್ತವೆ. ಫಾಸ್ಫೀನ್ ಬಂದಮೇಲೆ ಲೋಹದ ಬಳಿ ಇನ್ನಷ್ಟು ಎಲೆಕ್ಟ್ರಾನ್ ಸೇರಿ, ಒಟ್ಟು ಚಿತ್ರ ಮತ್ತಷ್ಟು ಕೆಳಗೆ ಜಾರುತ್ತದೆ, ಸಮ್ಮಿತಿ ಕಡಿಮೆಯಾಗಿ ಗೆರೆಗಳ ಸಂಖ್ಯೆ ಹೆಚ್ಚುತ್ತದೆ. 2061ರ ಗೆರೆ ಉಳಿದಿದ್ದರೆ ಕ್ರಿಯೆ ಮುಗಿದಿಲ್ಲ. ಹೆಕ್ಸೇನಿನಂಥ ಧ್ರುವೀಯವಲ್ಲದ ದ್ರಾವಕವನ್ನೇ ಬಳಸಿ. ಡೈಕ್ಲೋರೋಮೀಥೇನ್‌ನಲ್ಲಿ ಗೆರೆಗಳು ಅಗಲವಾಗಿ ಒಂದರೊಳಗೊಂದು ಸೇರಿಬಿಡುತ್ತವೆ.

ಎನ್‌ಎಂಆರ್‌ನಲ್ಲಿ (ಪರಮಾಣು ಬೀಜಗಳ ಕಾಂತೀಯ ಅನುರಣನದ ರೋಹಿತ) ಎಚ್ಚರ ಬೇಕು. ಆರಂಭದ ಕ್ಲಸ್ಟರಿನಲ್ಲಿ ಆರು ಕಾರ್ಬೊನಿಲ್‌ಗಳು ತ್ರಿಕೋನದ ಸಮತಲದಲ್ಲಿವೆ, ಆರು ಅದರ ಮೇಲೆ ಕೆಳಗೆ ಇವೆ. ಆದರೂ ಕೋಣೆಯ ತಾಪದಲ್ಲಿ ಕಾರ್ಬನ್-13 ಚಿತ್ರದಲ್ಲಿ ಕಾಣುವುದು ಒಂದೇ ಗೆರೆ. ಕಾರ್ಬೊನಿಲ್‌ಗಳು ಅಷ್ಟು ವೇಗವಾಗಿ ಜಾಗ ಬದಲಿಸುತ್ತಿರುತ್ತವೆ. ಹೈಡ್ರೈಡ್ ಇರುವ ಕ್ಲಸ್ಟರ್‌ಗಳ ಪ್ರೋಟಾನ್ ಗೆರೆ ಶೂನ್ಯಕ್ಕಿಂತ ಕೆಳಗೆ ಬರುತ್ತದೆ: ನಾಲ್ಕು ರುಥೇನಿಯಮ್, ನಾಲ್ಕು ಹೈಡ್ರೈಡ್, ಹನ್ನೆರಡು ಕಾರ್ಬೊನಿಲ್ ಇರುವ ಕ್ಲಸ್ಟರಿನಲ್ಲಿ ಅದು −18 ಪಿಪಿಎಂ ಆಸುಪಾಸು. ಉಪಕರಣದ ವ್ಯಾಪ್ತಿಯನ್ನು −30ರವರೆಗೆ ತೆರೆಯದಿದ್ದರೆ ಹೈಡ್ರೈಡ್ ಇದ್ದೂ ಕಾಣದು.

ಕೊನೆಯ ಮಾತು ಎಕ್ಸ್-ರೇ ಹರಳುಶಾಸ್ತ್ರದ್ದು. ಡೈಕ್ಲೋರೋಮೀಥೇನ್ ದ್ರಾವಣದ ಮೇಲೆ ಹೆಕ್ಸೇನನ್ನು ನಿಧಾನ ಪದರವಾಗಿ ಸುರಿದು ತಂಪಿನಲ್ಲಿಡಿ, ಅಲುಗಾಡಿಸಬೇಡಿ. ಭಾರ ಲೋಹಗಳು ಕಿರಣವನ್ನು ಹೀರುವುದರಿಂದ ತಾಮ್ರದ ಬದಲು ಮಾಲಿಬ್ಡಿನಮ್ ಕಿರಣ ಕೇಳಿ. ಹರಳು ಒಂದು, ಉಳಿದ ಪುಡಿ ಇನ್ನೊಂದು ಆಗಿರಬಹುದು. ಅದೇ ಹರಳುಗಳನ್ನು ಕರಗಿಸಿ ಐಆರ್ ತೆಗೆದು ಮೂಲದೊಂದಿಗೆ ಹೋಲಿಸಿ.

ಹೆಜ್ಜೆ 6: ಕ್ರಿಯೆ ನಡೆಸುವುದು

1-ಹೆಕ್ಸೀನ್‌ನ ಹೈಡ್ರೋಜನೀಕರಣ ಒಳ್ಳೆಯ ಮೊದಲ ಕ್ರಿಯೆ. ಹೆಕ್ಸೇನ್ ಮಾತ್ರವಲ್ಲ, ದ್ವಿಬಂಧ ಜಾರಿದ 2-ಹೆಕ್ಸೀನ್ ಕೂಡ ಬರುತ್ತದೆ. ಅವೆರಡರ ಪ್ರಮಾಣ ಒಳಗಿನ ಕ್ರಿಯಾವರ್ಧಕದ ಸ್ವಭಾವದ ಬಗ್ಗೆ ಬಹಳಷ್ಟು ಹೇಳುತ್ತದೆ. ಆಂತರಿಕ ಮಾನಕ (ಹೋಲಿಕೆಗಾಗಿ ತಿಳಿದ ಪ್ರಮಾಣದಲ್ಲಿ ಸೇರಿಸುವ ವಸ್ತು) ಹಾಕಿ, ಜಿಸಿಯಲ್ಲಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಅಳೆಯಿರಿ.

0.005 ಮಿಲಿಮೋಲ್ ಕ್ಲಸ್ಟರ್ ಎಂದರೆ 3.2 ಮಿ.ಗ್ರಾಂ. ಪ್ರತಿ ಸಲ ಇಷ್ಟು ತೂಗುವುದಕ್ಕಿಂತ ದ್ರಾವಣ ಮಾಡಿಟ್ಟು ಅಳತೆಯಿಂದ ತೆಗೆಯಿರಿ. 1 ಮಿಲಿಮೋಲ್ ಆಲ್ಕೀನ್ ಪೂರ್ತಿ ಬದಲಾದರೆ ಪ್ರತಿ ಕ್ಲಸ್ಟರಿಗೆ 200 ಆವರ್ತನೆ (ಒಂದು ಕ್ಲಸ್ಟರ್ ಬದಲಿಸಿದ ಅಣುಗಳ ಸಂಖ್ಯೆ), ಪ್ರತಿ ರುಥೇನಿಯಮ್ಮಿಗೆ ಸುಮಾರು 67. ಯಾವ ಲೆಕ್ಕ ಎಂದು ಹೇಳದೆ ಬರೆಯುವ ಅಂಕಿಗೆ ಬೆಲೆಯಿಲ್ಲ.

ಹಿಂದಿನ ಪ್ರಯೋಗದಲ್ಲಿ ಆಟೋಕ್ಲೇವಿನ (ಒತ್ತಡದಲ್ಲಿ ಕ್ರಿಯೆ ನಡೆಸುವ ಪಾತ್ರೆ) ಉಕ್ಕಿನ ಗೋಡೆಗೆ, ಕಲಕುವ ಮ್ಯಾಗ್ನೆಟಿಕ್ ಬಾರ್‌ನ ಗೀರುಗಳಿಗೆ ಅಂಟಿದ ಲೋಹ ಇಂದಿನ ಪ್ರಯೋಗದಲ್ಲಿ ಕೆಲಸ ಮಾಡಬಲ್ಲದು. ಆಟೋಕ್ಲೇವಿನೊಳಗೆ ಗಾಜಿನ ಒಳಪಾತ್ರೆ, ಪ್ರತಿ ಮುಖ್ಯ ಪ್ರಯೋಗಕ್ಕೂ ಹೊಸ ಬಾರ್. ಕ್ಲಸ್ಟರ್ ಹಾಕದೆ, ಉಳಿದದ್ದೆಲ್ಲ ಹಾಕಿ ಒಂದು ಖಾಲಿ ಪ್ರಯೋಗ ಮಾಡಿ. ಒಂದೇ ಲೋಹದ ರುಥೇನಿಯಮ್ ಸಂಕೀರ್ಣದಿಂದಲೂ ಒಂದು ಮಾಡಿ. ಕೊನೆಯ ಇಳುವರಿ ಒಂದನ್ನೇ ಅಳೆಯಬೇಡಿ. ಕಾಲಕಾಲಕ್ಕೆ ಮಾದರಿ ತೆಗೆದು ವಕ್ರರೇಖೆ ಎಳೆಯಿರಿ. ಮುಂದಿನ ಹೆಜ್ಜೆ ನಿಂತಿರುವುದೇ ಆ ರೇಖೆಯ ಮೇಲೆ.

ಹೆಜ್ಜೆ 7: ನಿಜವಾದ ಕ್ರಿಯಾವರ್ಧಕವನ್ನು ಗುರುತಿಸುವುದು

ಮೂರು ಸಾಧ್ಯತೆಗಳಿವೆ. ಕ್ಲಸ್ಟರ್ ಇಡಿಯಾಗಿ ಕೆಲಸ ಮಾಡುತ್ತಿರಬಹುದು. ಅದು ಒಂಟಿ ಲೋಹದ ಚೂರುಗಳಾಗಿ ಒಡೆದು ಆ ಚೂರುಗಳು ಕೆಲಸ ಮಾಡುತ್ತಿರಬಹುದು. ಅಥವಾ ಲಿಗ್ಯಾಂಡ್‌ಗಳನ್ನೆಲ್ಲ ಕಳೆದುಕೊಂಡು ಲೋಹದ ನ್ಯಾನೋಕಣಗಳಾಗಿ ಅವುಗಳ ಮೇಲ್ಮೈ ಕೆಲಸ ಮಾಡುತ್ತಿರಬಹುದು.

ಕ್ರಿಯೆಯ ಕೊನೆಗೆ ಕ್ಲಸ್ಟರ್ ಹಾಗೇ ಸಿಕ್ಕಿತು ಎಂಬುದು ಸಾಕ್ಷಿಯಲ್ಲ. ನೂರರಲ್ಲಿ ಒಂದು ಪಾಲು ಮಾತ್ರ ಒಡೆದು, ಆ ಒಂದು ಪಾಲೇ ಎಲ್ಲವನ್ನೂ ಮಾಡಿ, ಉಳಿದ ತೊಂಬತ್ತೊಂಬತ್ತು ಸುಮ್ಮನೆ ಇದ್ದಿರಬಹುದು.

ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಪ್ರಕರಣವಿದೆ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಗೇಯೋರ್ಗ್ ಸ್ಯೂಸ್-ಫಿಂಕ್ ಅವರ ತಂಡ, ಅರೀನ್ (ಬೆಂಜೀನ್ ಮಾದರಿಯ ಉಂಗುರ) ಲಿಗ್ಯಾಂಡ್‌ಗಳನ್ನು ಹೊತ್ತ ಮೂರು ರುಥೇನಿಯಮ್‌ಗಳ ಧನ ಅಯಾನು ಕ್ಲಸ್ಟರ್ ಬೆಂಜೀನನ್ನು ಹೈಡ್ರೋಜನೀಕರಿಸುತ್ತದೆ ಎಂದು ತೋರಿಸಿತ್ತು. ಬೆಂಜೀನ್ ಅಣು ಲೋಹಕ್ಕೆ ಬಂಧವಿಲ್ಲದೆ ಕ್ಲಸ್ಟರಿನ ಪೊಳ್ಳಿನಲ್ಲಿ ಕುಳಿತು ಕ್ರಿಯೆಗೊಳಗಾಗುತ್ತದೆ ಎಂಬುದು ಅವರ ಆಕರ್ಷಕ ಪ್ರಸ್ತಾಪ. ಬಳಿಕ ಅದೇ ತಂಡ ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಫಿಂಕೆ ಅವರೊಂದಿಗೆ ಸೇರಿ ತನ್ನದೇ ಹೇಳಿಕೆಯನ್ನು ಪರೀಕ್ಷೆಗೆ ಒಡ್ಡಿತು. ಚಲನಶಾಸ್ತ್ರ, ವಿಷಪ್ರಯೋಗ, ಸೂಕ್ಷ್ಮದರ್ಶಕ ಎಲ್ಲವನ್ನೂ ಸೇರಿಸಿ ನೋಡಿದಾಗ, ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಕ್ಲಸ್ಟರ್‌ನಿಂದ ಅಲ್ಪ ಪ್ರಮಾಣದಲ್ಲಿ ಹುಟ್ಟಿದ ರುಥೇನಿಯಮ್ ಲೋಹದ ಕಣಗಳು ಎಂಬ ತೀರ್ಮಾನಕ್ಕೆ 2005ರಲ್ಲಿ ಇಬ್ಬರೂ ಜೊತೆಯಾಗಿ ಬಂದರು. ತಮ್ಮ ಪ್ರಸ್ತಾಪವನ್ನು ತಾವೇ ಸಹಿ ಹಾಕಿ ಹಿಂತೆಗೆದುಕೊಂಡ ಆ ಪ್ರಬಂಧದ ಬಗ್ಗೆ ನನಗೆ ಅಪಾರ ಗೌರವವಿದೆ.

ಈಗ ನಿಮ್ಮ ಪರೀಕ್ಷೆಗಳು. ಮೊದಲು ವಕ್ರರೇಖೆ ನೋಡಿ. ಆರಂಭದಲ್ಲಿ ಏನೂ ಆಗದೆ, ಬಳಿಕ ಇದ್ದಕ್ಕಿದ್ದಂತೆ ವೇಗ ಹಿಡಿದರೆ ನ್ಯಾನೋಕಣಗಳ ಅನುಮಾನ ಬರಬೇಕು. ಕ್ರಿಯೆ ನಿಂತ ದ್ರಾವಣಕ್ಕೆ ಹೊಸ ಆಲ್ಕೀನ್ ಸೇರಿಸಿದಾಗ ಆ ತಡ ಕಾಣೆಯಾದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಕ್ಲಸ್ಟರ್ ಒಂದು ಕಾರ್ಬೊನಿಲ್ ಕಳೆದುಕೊಳ್ಳಲು ಹೊತ್ತು ಬೇಕಾದರೂ ತಡ ಕಾಣಬಹುದು, ಹಾಗಾಗಿ ಇದೊಂದರಿಂದಲೇ ತೀರ್ಪು ಬೇಡ.

ಎರಡನೆಯದು ಸಾಂದ್ರತೆ. ಕ್ಲಸ್ಟರಿನ ಸಾಂದ್ರತೆಯನ್ನು ಹತ್ತು ಪಟ್ಟಾದರೂ ಬದಲಿಸಿ ಆರಂಭಿಕ ವೇಗ ಅಳೆಯಿರಿ. ಕ್ಲಸ್ಟರ್ ಇಡಿಯಾಗಿ ಕೆಲಸ ಮಾಡುತ್ತಿದ್ದರೆ ವೇಗ ಸಾಂದ್ರತೆಗೆ ನೇರ ಅನುಪಾತದಲ್ಲಿರುತ್ತದೆ. ಚೂರುಗಳೊಂದಿಗೆ ಸಮತೋಲದಲ್ಲಿದ್ದು ಚೂರುಗಳೇ ಕೆಲಸ ಮಾಡುತ್ತಿದ್ದರೆ ದ್ರಾವಣ ತೆಳುವಾದಷ್ಟೂ ಒಡೆಯುವ ಪಾಲು ಹೆಚ್ಚಿ, ಪ್ರತಿ ಲೋಹದ ಲೆಕ್ಕದ ವೇಗ ಏರುತ್ತದೆ. ರಿಚರ್ಡ್ ಲೇನ್ 1982ರಲ್ಲಿ ಪಟ್ಟಿ ಮಾಡಿದ ಮಾನದಂಡಗಳಲ್ಲಿ ಇದು ಮುಖ್ಯವಾದದ್ದು. ಅಲ್ಲಿನ ಇನ್ನೊಂದು, ಎರಡು ಬೇರೆ ಲೋಹಗಳ ಕ್ಲಸ್ಟರ್: ಬಿಡಿಯಾಗಿ ಎರಡೂ ಮಾಡದ್ದನ್ನು ಮಿಶ್ರ ಕ್ಲಸ್ಟರ್ ಮಾಡಿದರೆ, ಇಡೀ ಕ್ಲಸ್ಟರ್ ಪಾಲ್ಗೊಂಡಿರುವುದಕ್ಕೆ ಅದು ಬಲವಾದ ಸೂಚನೆ.

ಮೂರನೆಯದು ಪಾದರಸ. ಲೋಹದ ಕಣಗಳ ಮೇಲ್ಮೈಯನ್ನು ಪಾದರಸ ಮುಚ್ಚಿ ಕ್ರಿಯೆಯನ್ನು ನಿಲ್ಲಿಸುತ್ತದೆ ಎಂಬುದು ತರ್ಕ. ಪ್ರಬಂಧಗಳಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮುಗಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಪ್ಲಾಟಿನಮ್, ಪಲ್ಲಾಡಿಯಮ್‌ಗಳಿಗೆ ಈ ಪರೀಕ್ಷೆ ತಕ್ಕಮಟ್ಟಿಗೆ ಸರಿ. ರುಥೇನಿಯಮ್ ಪಾದರಸದೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ. ಕ್ರಿಯೆ ನಿಲ್ಲಲಿಲ್ಲ ಎಂದರೆ ಕಣಗಳಿಲ್ಲ ಎಂದಾಗದು. ಮೇಲಾಗಿ ಪಾದರಸ ಕೆಲವು ಕ್ಲಸ್ಟರ್‌ಗಳೊಂದಿಗೇ ವರ್ತಿಸುತ್ತದೆ. ಮೊದಲು ಕ್ಲಸ್ಟರ್ ಮತ್ತು ಪಾದರಸ ಎರಡನ್ನೇ ಕಲಕಿ ಐಆರ್ ಬದಲಾಗುತ್ತದೆಯೇ ನೋಡಿ.

ನಾಲ್ಕನೆಯದು, ನನಗೆ ಹೆಚ್ಚು ನಂಬಿಕೆಯಿರುವುದು, ಅಳತೆಯಿಟ್ಟು ವಿಷ ಹಾಕುವುದು. ನ್ಯಾನೋಕಣದಲ್ಲಿ ಮೇಲ್ಮೈಯ ಪರಮಾಣುಗಳು ಮಾತ್ರ ಕೆಲಸ ಮಾಡುತ್ತವೆ, ಒಳಗಿನವು ಮಾಡುವುದಿಲ್ಲ. ಆದ್ದರಿಂದ ಒಟ್ಟು ಲೋಹಕ್ಕೆ ಹೋಲಿಸಿದರೆ ಒಂದಕ್ಕಿಂತ ತುಂಬ ಕಡಿಮೆ ಸಮಾಂಶ (ಮೋಲ್ ಲೆಕ್ಕದ ಪಾಲು) ಕಾರ್ಬನ್ ಡೈಸಲ್ಫೈಡ್ ಅಥವಾ ಫಿನಾಂತ್ರೊಲಿನ್ ಹಾಕಿದರೂ ಕ್ರಿಯೆ ಪೂರ್ತಿ ನಿಲ್ಲುತ್ತದೆ. ಬಿಡಿ ಅಣುವನ್ನು ನಿಲ್ಲಿಸಲು ಸಾಮಾನ್ಯವಾಗಿ ಒಂದು ಸಮಾಂಶವೋ ಹೆಚ್ಚೋ ಬೇಕು. ಕಾರ್ಬನ್ ಡೈಸಲ್ಫೈಡ್ 50 ಡಿಗ್ರಿಗಿಂತ ಮೇಲೆ ಮೇಲ್ಮೈಯಿಂದ ಬಿಡಿಸಿಕೊಳ್ಳುವುದರಿಂದ ಬಿಸಿ ಕ್ರಿಯೆಗಳಿಗೆ ಅದನ್ನು ಬಳಸಬೇಡಿ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ ಕಂಡಿತೆಂದರೆ ಅಲ್ಲಿಗೆ ಮುಗಿಯಲಿಲ್ಲ. ಆ ಕಿರಣವೇ ಕ್ಲಸ್ಟರನ್ನು ಒಡೆದು ಕಣ ಮಾಡಬಲ್ಲದು, ಆದ್ದರಿಂದ ಶುದ್ಧ ಕ್ಲಸ್ಟರನ್ನೂ ಅದೇ ಗ್ರಿಡ್ ಮೇಲೆ ಹಾಕಿ ಹೋಲಿಸಬೇಕು. ಒತ್ತಡದಲ್ಲಿ ಕ್ರಿಯೆ ನಡೆಯುತ್ತಿರುವಾಗಲೇ ಐಆರ್ ತೆಗೆಯುವ ಸೆಲ್ ನಿಮ್ಮ ಸಂಸ್ಥೆಯಲ್ಲೋ ಹತ್ತಿರದ ಸಂಸ್ಥೆಯಲ್ಲೋ ಇದ್ದರೆ ಸಮಯ ಕಾಯ್ದಿರಿಸಿ. ಆ ಚಿತ್ರವನ್ನು ವೇಗದ ಅಳತೆಯ ಪಕ್ಕದಲ್ಲಿಟ್ಟು ಓದಿ.

ಡಿಪಿಪಿಎಂ ಕ್ಲಸ್ಟರ್ ಉಪಯೋಗಕ್ಕೆ ಬರುವುದು ಇಲ್ಲೇ. ಸೇತುವೆಯಿರುವ ಕ್ಲಸ್ಟರನ್ನೂ ಸೇತುವೆಯಿಲ್ಲದ್ದನ್ನೂ ಒಂದೇ ಸ್ಥಿತಿಯಲ್ಲಿ ಓಡಿಸಿ. ಎರಡರಲ್ಲೂ ಹೆಕ್ಸೇನ್ ಮತ್ತು 2-ಹೆಕ್ಸೀನ್ ಪ್ರಮಾಣ ಒಂದೇ ಇದ್ದು, ವಕ್ರರೇಖೆಯಲ್ಲಿ ತಡದ ಅವಧಿ ಮಾತ್ರ ಬೇರೆಯಾಗಿದ್ದರೆ, ಎರಡೂ ಒಡೆದು ಒಂದೇ ವಸ್ತುವಿಗೆ ತಲುಪುತ್ತಿವೆ ಎಂದು ಶಂಕಿಸಿ. ಪ್ರಮಾಣ ಬೇರೆಯಾದರೆ ಲಿಗ್ಯಾಂಡ್ ಇನ್ನೂ ಲೋಹದ ಮೇಲಿದೆ ಎಂಬ ಆಶೆಗೆ ಆಧಾರವಿದೆ.

ಹೆಜ್ಜೆ 8: ಬರೆಯುವಾಗ

ಪ್ರತಿ ಪರೀಕ್ಷೆಯ ಫಲಿತಾಂಶದೊಂದಿಗೆ ಆ ಪರೀಕ್ಷೆ ಏನನ್ನು ಬೇರ್ಪಡಿಸಲಾರದು ಎಂಬುದನ್ನೂ ಬರೆಯಿರಿ. ಖಾಲಿ ಪ್ರಯೋಗದ ಅಂಕಿ ಪಟ್ಟಿಯಲ್ಲೇ ಇರಲಿ, ಪೂರಕ ಮಾಹಿತಿಯ ಕೊನೆಯ ಪುಟಕ್ಕೆ ತಳ್ಳಬೇಡಿ. ಹರಳಿನ ರಚನೆಯನ್ನು ಕೇಂಬ್ರಿಡ್ಜ್‌ನ ದತ್ತಾಂಶ ಕೇಂದ್ರಕ್ಕೆ ಸಲ್ಲಿಸಿ ಸಂಖ್ಯೆ ಪಡೆಯಿರಿ. ‘ಕ್ಲಸ್ಟರ್ ಕ್ರಿಯಾವರ್ಧಕ’ ಎಂದು ಬರೆಯಲು ಸಾಕ್ಷಿ ಸಾಲದಿದ್ದರೆ ‘ಪೂರ್ವಗಾಮಿ’ ಎಂದು ಬರೆಯಿರಿ, ಗೈಡ್ ಒಪ್ಪದಿದ್ದರೆ ವಕ್ರರೇಖೆಗಳನ್ನು ಅವರ ಮುಂದಿಟ್ಟು ಮಾತನಾಡಿ. ಮತ್ತು ಬಳಸಿದ ಕ್ಲಸ್ಟರಿನ ಒಂದಿಷ್ಟನ್ನು ಆರ್ಗಾನ್ ತುಂಬಿದ ಆಂಪ್ಯೂಲಿನಲ್ಲಿ ಮುಚ್ಚಿ, ದಿನಾಂಕ ಮತ್ತು ನೋಟ್‌ಬುಕ್ ಪುಟದ ಸಂಖ್ಯೆ ಅಂಟಿಸಿ, ಕತ್ತಲಲ್ಲಿ ತಂಪಾಗಿಡಿ. ವಿಮರ್ಶಕರು ಇನ್ನೊಂದು ಪರೀಕ್ಷೆ ಕೇಳಿದಾಗ ಅದೇ ಬ್ಯಾಚಿನಿಂದ ಮಾಡಿ ಕಳುಹಿಸಬಹುದು.